ಮೂಗಿಗೆ ಸೆರಗು ಹಿಡಿದವರು

ಅಕ್ಕನ ಬಾಯಲ್ಲಿ ಹುಣ್ಣಾಗಿದೆ ಎಂಬ ಸುದ್ದಿ ಬಂದಾಗ ನಾನು ಮಸ್ಕಿಯ ನನ್ನ ಮನೆಯಲ್ಲಿ ಕೂತು ಒಂಬತ್ತನೆಯ ತರಗತಿಯ ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಫೋನಿನಲ್ಲಿ ಅವಳೇ ನಗುನಗುತ್ತ ಹೇಳಿದಳು: "ಸಣ್ಣ ಹುಣ್ಣ ಬೇ, ಖಾರ ತಿನ್ನಾಕ ಆಗವಲ್ದು, ಅಷ್ಟ." ಯಾವುದಾದರೂ ಗುಳಿಗೆ ತೆಗೆದುಕೋ ಎಂದು ಹೇಳಿ ನಾನು ಮತ್ತೆ ಕೆಂಪು ಪೆನ್ನು ಹಿಡಿದೆ.

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅವಳ ಗಂಡನ ಮನೆ ತುರ್ವಿಹಾಳದಲ್ಲಿ. ಕೆನಾಲ್ ನೀರಿನ ಗದ್ದೆ, ದೊಡ್ಡ ಪಡಸಾಲೆ, ನಾಟಿಯ ದಿನಗಳಲ್ಲಿ ಇಪ್ಪತ್ತು ಆಳಿಗೆ ಬುತ್ತಿ ಕಟ್ಟುವ ಕೆಲಸ. ಮಗಳು ಹುಟ್ಟಿದಾಗ ಬಾಣಂತಿಗೆ ಹೊಟ್ಟೆಯುಬ್ಬರ ಇಳಿಯುತ್ತದೆ ಎಂದು ಅವಳ ಅತ್ತೆಯೇ ಎಲೆಯಲ್ಲಿ ಚೂರು ತಂಬಾಕು ಇಟ್ಟು ಮಡಿಚಿ ಕೊಟ್ಟಿದ್ದಳಂತೆ. ಅಂದಿನಿಂದ ಇಪ್ಪತ್ತನಾಲ್ಕು ವರ್ಷ ಆ ಚೂರು ಅಕ್ಕನ ಎಡಗೆನ್ನೆಯೊಳಗೆ ಇದ್ದೇ ಇತ್ತು. ಒಲೆಯ ಮುಂದೆ, ಗದ್ದೆಯ ಬದುವಿನಲ್ಲಿ, ನಿದ್ದೆಯಲ್ಲಿ ಕೂಡ.

ಊರ ಡಾಕ್ಟರರ ಗುಳಿಗೆಯಲ್ಲಿ ನಾಲ್ಕು ತಿಂಗಳು ಹೋದವು. ಆಮೇಲೆ ಸಿಂಧನೂರಿನ ದವಾಖಾನೆ, ಅಲ್ಲಿಂದ ಹುಬ್ಬಳ್ಳಿ. ಹುಬ್ಬಳ್ಳಿಯಲ್ಲಿ ಕೊಯ್ದರು, ರೇಡಿಯೇಷನ್ನಿನ ಕರೆಂಟು ಕೊಟ್ಟರು, ಮೂಗಿಗೆ ನಳಿಗೆ ಹಾಕಿದರು. ಕೊನೆಗೆ ಡಾಕ್ಟರು ಭಾವನನ್ನೂ ನನ್ನನ್ನೂ ಹೊರಗೆ ಕರೆದು, ಇನ್ನು ಮನೆಗೆ ಕರೆದುಕೊಂಡು ಹೋಗಿ, ನೋವಿಲ್ಲದ ಹಾಗೆ ನೋಡಿಕೊಳ್ಳಿ ಎಂದರು. ವಾಪಸು ಬರುವಾಗ ಕಾರಿನಲ್ಲಿ ಅಕ್ಕ ನಿದ್ದೆ ಹೋಗಿದ್ದಳು. ಭಾವ ಮುಂದಿನ ಸೀಟಿನಿಂದ ತಿರುಗಿ ನನಗೆ ಹೇಳಿದರು: "ಅಕಿಗೆ ಏನೂ ಹೇಳಬ್ಯಾಡ. ಧೈರ್ಯ ಕಳಕೋತಾಳ. ಹುಣ್ಣ ಮಾಯಾಕತ್ತೈತಿ ಅನ್ನೂಣು." ನಾನು ತಲೆಯಾಡಿಸಿದೆ. ಈ ಸುಳ್ಳಿನಲ್ಲಿ ನನ್ನದೂ ಪಾಲಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಶನಿವಾರ ಬೆಳಗಿನ ಶಾಲೆ ಮುಗಿಸಿ ನಾನು ಸಿಂಧನೂರಿನ ಬಸ್ಸು ಹತ್ತುತ್ತಿದ್ದೆ. ಅಲ್ಲಿಂದ ಇನ್ನೊಂದು ಬಸ್ಸು ತುರ್ವಿಹಾಳಕ್ಕೆ. ಎರಡನೆಯ ತಿಂಗಳಿಗೆ ನಾತ ಶುರುವಾಯಿತು. ಬೇಸಿಗೆಯಲ್ಲಿ ಮುಚ್ಚಿಟ್ಟು ಮರೆತ ಸಾರಿನ ಪಾತ್ರೆಯ ಮುಚ್ಚಳ ತೆಗೆದರೆ ಬರುತ್ತದಲ್ಲ, ಅಂಥದ್ದು. ಅದನ್ನು ಮುಚ್ಚಲು ಮನೆಯವರು ಮೂರು ಮೂಲೆಗೆ ಊದಿನಕಡ್ಡಿ ಹಚ್ಚುತ್ತಿದ್ದರು. ಕೊಳೆತದ್ದರ ವಾಸನೆಯೂ ಮಲ್ಲಿಗೆಯ ವಾಸನೆಯೂ ಕೂಡಿದರೆ ಏನಾಗುತ್ತದೆ ಎಂದು ನನಗೆ ಗೊತ್ತಾದದ್ದು ಆ ಮನೆಯಲ್ಲಿ. ಇವತ್ತಿಗೂ ಯಾರಾದರೂ ಊದಿನಕಡ್ಡಿ ಹಚ್ಚಿದರೆ ನಾನು ಎದ್ದು ಹೊರಗೆ ಹೋಗುತ್ತೇನೆ.

ನೋಡಲು ಬರುವ ಮಂದಿಗೆ ಕೊರತೆ ಇರಲಿಲ್ಲ. ಲಿಂಗಸುಗೂರಿನ ನಮ್ಮ ತವರಿನ ಕಡೆಯವರು, ಬೀಗರು, ಓಣಿಯವರು. ಬಾಗಿಲಲ್ಲೇ ಸೆರಗು ಮೂಗಿಗೆ ಏರುತ್ತಿತ್ತು. ಮಂಚದಿಂದ ನಾಲ್ಕು ಮಾರು ದೂರ ನಿಂತು, "ಏನೂ ಆಗಿಲ್ಲ ತಗೋ, ಮುಂದಿನ ತಿಂಗಳ ಎದ್ದು ರೊಟ್ಟಿ ಬಡೀತಿ ನೋಡು" ಎನ್ನುತ್ತಿದ್ದರು. ಅಕ್ಕ ಕಣ್ಣಿನಿಂದಲೇ ಹೌದು ಎನ್ನುತ್ತಿದ್ದಳು. ಆಮೇಲೆ ಅಂಗಳದಲ್ಲಿ ಕೂತು ಚಹಾ ಹೀರುತ್ತ ಅದೇ ಬಾಯಿಗಳು, "ಹೆಂಗ ನಾರತೈತಿ ಯವ್ವಾ! ಇನ್ನೂ ಎಷ್ಟ ದಿನ ಅಂತಾರ?" ಎಂದು ಕೇಳುತ್ತಿದ್ದವು. ಅಂಗಳಕ್ಕೂ ಕೋಣೆಗೂ ನಡುವೆ ಇದ್ದದ್ದು ಒಂದು ತೆರೆದ ಕಿಟಕಿ. ಅಕ್ಕನ ಬಾಯಿ ಕೆಟ್ಟಿತ್ತೇ ಹೊರತು ಕಿವಿಯಲ್ಲ.

ಅವಳ ಅತ್ತೆ ದಿನವಿಡೀ ಕೋಣೆಯ ಹೊಸ್ತಿಲಿಗೆ ಆತು ಕೂತಿರುತ್ತಿದ್ದಳು. ಪಕ್ಕದಲ್ಲಿ ಹಿತ್ತಾಳೆಯ ಪೀಕದಾನಿ. ಸೊಸೆಯ ಕೆನ್ನೆ ತೂತಾಗಿ ಹಲ್ಲು ಕಾಣುತ್ತಿರುವಾಗ, ಆ ಮುದುಕಿ ಎಲೆಗೆ ಸುಣ್ಣ ಸವರಿ, ತಂಬಾಕು ತಿಕ್ಕಿ, ಬಾಯಿಗೆ ಹಾಕಿ, ಪಿಚಕ್ಕನೆ ಉಗುಳುತ್ತಿದ್ದಳು. ಒಮ್ಮೆ ತಡೆಯಲಾರದೆ, "ಅತ್ತೀ, ಇದರಿಂದನ ಅಕ್ಕಗ ಹಿಂಗಾಗೈತಿ" ಎಂದೆ. "ನಾ ಐವತ್ತ ವರ್ಷ ತಿಂದೀನಿ, ನನಗೇನಾಗೈತಿ? ಅಕಿ ಹಣಿಬರ" ಎಂದಳು. ಕೆಂಪು ಎಂಜಲು ಅವಳ ತುಟಿಯಂಚಿನಿಂದ ಇಳಿಯುತ್ತಿತ್ತು.

ನಾನೇನೂ ಅವರಿಗಿಂತ ಮೇಲಲ್ಲ. ಒಂದು ಶನಿವಾರ ಅಕ್ಕ ಕೈ ಚಾಚಿದಳು, ನಾನು ಹಿಡಿದುಕೊಂಡೆ. ಅವಳ ಬೆರಳು ಬ್ಯಾಂಡೇಜಿನಿಂದ ಸೋರಿದ ರಸಿಗೆಯಿಂದ ಅಂಟಂಟಾಗಿತ್ತು. ಐದು ನಿಮಿಷ ಹೇಗೋ ಕೂತೆ. ಆಮೇಲೆ ನೀರು ಕುಡಿಯುವ ನೆಪ ಹೇಳಿ ಬಚ್ಚಲಿಗೆ ಹೋಗಿ ಸೋಪು ಹಚ್ಚಿ ಒಂದು ಸಲ, ಎರಡು ಸಲ, ಮೂರು ಸಲ ಕೈ ತೊಳೆದೆ. ಮೂಸಿ ನೋಡಿದೆ. ಇನ್ನೊಮ್ಮೆ ತೊಳೆದೆ. ತಿರುಗಿದಾಗ ಬಚ್ಚಲ ಬಾಗಿಲು ಅರ್ಧ ತೆರೆದಿತ್ತು. ಮಂಚದ ಮೇಲಿಂದ ಅಕ್ಕ ನೋಡುತ್ತಿದ್ದಳು. ನಾನು ಚಿಕ್ಕವಳಿದ್ದಾಗ ಅವ್ವ ಕೂಲಿಗೆ ಹೋದರೆ ನನ್ನ ಮೂಗು ಒರೆಸಿದವಳು, ನನ್ನ ಕುಂಡಿ ತೊಳೆದವಳು ಇವಳು. ಅವಳು ಮುಂದಿನ ಶನಿವಾರ ಕೈ ಚಾಚಲಿಲ್ಲ. ನನ್ನ ಜನ್ಮದಲ್ಲಿ ನಾನು ಮಾಡಿದ ಕೆಲಸಗಳಲ್ಲಿ ಅದಕ್ಕಿಂತ ಹೇಸಿಗೆಯದು ಇನ್ನೊಂದಿಲ್ಲ.

ಗಾಯ ತೊಳೆದು ಪಟ್ಟಿ ಕಟ್ಟಲು ದಿನ ಬಿಟ್ಟು ದಿನ ಒಬ್ಬ ನರ್ಸಮ್ಮ ಬರುತ್ತಿದ್ದರು. ಬಳಗಾನೂರಿನವರು, ಸಿಂಧನೂರಿನ ಒಂದು ದವಾಖಾನೆಯಲ್ಲಿ ಕೆಲಸ. ಡ್ಯೂಟಿ ಮುಗಿಸಿ ಸ್ಕೂಟಿಯಲ್ಲಿ ಬರುವರು. ನಲವತ್ತರ ಹೆಂಗಸು, ಗಟ್ಟಿ ದನಿ. ಮೊದಲ ದಿನವೇ ಮುದುಕಿ ಕೇಳಿದ್ದಳು, "ಯಾವ ಮಂದಿ ನೀವು?" ಅವರು ಕೈಗೆ ಗ್ಲೌಸು ಏರಿಸುತ್ತ, "ಬುದ್ಧನ ಮಂದಿರಿ ನಾವು" ಎಂದು ನಕ್ಕಿದ್ದರು. ಮುದುಕಿಗೆ ಅರ್ಥವಾಗಿತ್ತು. ಅಂದಿನಿಂದ ಅವರಿಗೆ ಚಹಾ ಪ್ಲಾಸ್ಟಿಕ್ ಲೋಟದಲ್ಲಿ, ಅಂಗಳದ ಕಟ್ಟೆಯ ಮೇಲೆ. ಬೇರೆಯವರಿಗೆಲ್ಲ ಸ್ಟೀಲಿನದು, ಒಳಗೆ.

ಆ ಒಂದು ಶನಿವಾರದ ಬಗ್ಗೆ ಬರೆಯಲೇಬೇಕು. ಅಕ್ಕ ರಾತ್ರಿಯಿಡೀ ಕೆನ್ನೆಯೊಳಗೆ ಏನೋ ಹರಿದಾಡುತ್ತದೆ ಎಂದು ಸನ್ನೆ ಮಾಡಿದ್ದಳಂತೆ. ಯಾರೂ ಹತ್ತಿರ ಹೋಗಿ ನೋಡಿರಲಿಲ್ಲ. ನರ್ಸಮ್ಮ ಪಟ್ಟಿ ಬಿಚ್ಚಿ, ಮೊಬೈಲಿನ ಬೆಳಕು ಹಿಡಿಯಲು ನನಗೆ ಹೇಳಿದರು. ಗಾಯದ ಆಳದಲ್ಲಿ ಬಿಳಿಯ ಹುಳಗಳು ಮಿಜಿಮಿಜಿ ಎನ್ನುತ್ತಿದ್ದವು. ನಾನು ಮುಖ ತಿರುಗಿಸಿದೆ, ಬೆಳಕು ಗೋಡೆಗೆ ಹೋಯಿತು.

"ಮೇಡಂರಿ, ಬೆಳಕ ಇಲ್ಲೆ ಹಿಡೀರಿ. ನೀವು ಬೇಕಾದ್ರ ಆ ಕಡಿ ನೋಡ್ರಿ, ಕೈ ಅಷ್ಟ ಅಲುಗಿಸಬ್ಯಾಡ್ರಿ" ಎಂದರು. ಟರ್ಪೆಂಟೈನ್ ಎಣ್ಣೆಯಲ್ಲಿ ಅದ್ದಿದ ಬಟ್ಟೆ ಇಟ್ಟರು. ಹುಳಗಳು ಮೇಲೆ ಬಂದಂತೆ ಚಿಮಟದಿಂದ ಒಂದೊಂದಾಗಿ ತೆಗೆದು ತಟ್ಟೆಯಲ್ಲಿ ಹಾಕಿದರು. ಮುಕ್ಕಾಲು ಗಂಟೆ. ಅಷ್ಟೂ ಹೊತ್ತು ಅಕ್ಕನೊಡನೆ ಮಾತಾಡುತ್ತಲೇ ಇದ್ದರು: "ಯಕ್ಕಾ, ನೊಣ ಕುಂತಿದ್ದಕ್ಕ ಆಗ್ಯಾವ ಇವು. ನಿಂದೇನು ತಪ್ಪಿಲ್ಲ. ತಗದುಬಿಡ್ತೀನಿ, ಹಗುರಾಗ್ತೈತಿ." ಆ ಮನೆಯಲ್ಲಿ ಅಕ್ಕನಿಗೆ ಯಾರಾದರೂ ನಿಜ ಹೇಳಿದ್ದು ಅದೇ ಮೊದಲು.

ಅವರು ಹೊರಗೆ ಬಂದು ಕೈ ತೊಳೆದುಕೊಂಡಾಗ ಪ್ಲಾಸ್ಟಿಕ್ ಲೋಟದ ಚಹಾ ಕಟ್ಟೆಯ ಮೇಲೆ ಸಿದ್ಧವಾಗಿತ್ತು. ಅವರು ಕುಡಿದು ಹೋದ ಮೇಲೆ ಮುದುಕಿ ಆ ಲೋಟವನ್ನು ಕಡ್ಡಿಯಿಂದ ತಳ್ಳಿ ತಿಪ್ಪೆಗೆ ಹಾಕಿದಳು. ಕಡ್ಡಿಯಿಂದ! ಮನೆಮಂದಿ ಯಾರೂ ನೋಡಲಾರದ್ದನ್ನು ಕೈಯಾರೆ ತೆಗೆದವರ ಲೋಟವನ್ನು ಕೈಯಿಂದ ಮುಟ್ಟಲಿಲ್ಲ. ನಾನು ಅದನ್ನು ಕಂಡೆ, ಬಾಯಿ ಮುಚ್ಚಿಕೊಂಡೆ. ಬೀಗರ ಮನೆ, ನನಗೇಕೆ ಎಂದುಕೊಂಡೆ. ಶಾಲೆಯಲ್ಲಿ ಮಕ್ಕಳಿಗೆ ಸಂವಿಧಾನದ ಪೀಠಿಕೆ ಓದಿಸುವವಳು ನಾನು.

ಆ ಸಂಜೆ ಅಕ್ಕ ನನ್ನ ಮೊಬೈಲಿನತ್ತ ಬೊಟ್ಟು ಮಾಡಿದಳು. ಮನೆಯ ಕನ್ನಡಿಗಳನ್ನೆಲ್ಲ ಭಾವ ಎಂದೋ ತೆಗೆಸಿ ಅಟ್ಟದ ಮೇಲೆ ಇಡಿಸಿದ್ದರು. ಅವಳ ಮಾತು ಅಷ್ಟು ಹೊತ್ತಿಗೆ ಮುದ್ದೆಯಾಗಿತ್ತು, ನನಗೆ ಮಾತ್ರ ತಿಳಿಯುತ್ತಿತ್ತು.

"ನನ್ನ ಮಾರಿ ತೋರ್ಸು."

"ಫೋನ್ ಕೆಟ್ಟೈತಿ ಅಕ್ಕಾ."

"ಸುಳ್ಳ ಹೇಳಬ್ಯಾಡ. ಈಗರ ಲೈಟ್ ಹಿಡಿದಿದ್ದಿ."

ಫೋಟೊ ತೆಗೆದು ತೋರಿಸಿದೆ. ಅವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಕಿರುಚುತ್ತಾಳೆ ಎಂದುಕೊಂಡಿದ್ದೆ. ಇಲ್ಲ. ಯಾರದೋ ಮನೆಯ ದನಕ್ಕೆ ಆದ ಗಾಯ ನೋಡುವ ಹಾಗೆ ನೋಡಿದಳು. ಆಮೇಲೆ ಕೇಳಿದಳು:

"ಇದು ಮಾಯೂದಿಲ್ಲ. ಹೌದಲ್ಲ?"

ನಾನು ಫೋನು ತೆಗೆದುಕೊಂಡು ಫೋಟೊ ಅಳಿಸತೊಡಗಿದೆ.

"ನೀ ಹೇಳದಿದ್ರ ಯಾರೂ ಹೇಳೂದಿಲ್ಲ ಬೇ. ಎಲ್ಲಾರು ರೊಟ್ಟಿ ಬಡೀತಿ, ರೊಟ್ಟಿ ಬಡೀತಿ ಅಂತಾರ. ನನಗ ವಾಕರಿಕಿ ಬರತೈತಿ ಅದನ್ನ ಕೇಳಿ ಕೇಳಿ."

"ಮಾಯೂದಿಲ್ಲ ಅಕ್ಕಾ" ಎಂದೆ. "ಹುಬ್ಬಳ್ಳ್ಯಾಗನ ಹೇಳ್ಯಾರ."

"ಎಷ್ಟ ದಿನ?"

"ಒಂದ ತಿಂಗಳ. ಇಲ್ಲಾಂದ್ರ ಎರಡು."

ಅವಳು ಕಣ್ಣು ಮುಚ್ಚಿದಳು. ಕಣ್ಣಂಚಿನಿಂದ ಇಳಿದ ನೀರು ಬ್ಯಾಂಡೇಜಿಗೆ ಇಂಗಿತು. ಅತ್ತದ್ದು ಅಷ್ಟೇ. ಕಣ್ಣು ತೆರೆದು ಅವಳು ಕೇಳಿದ್ದು ಮಗಳನ್ನು. ಮಗಳನ್ನು ಕೊಟ್ಟದ್ದು ಲಿಂಗಸುಗೂರಿಗೆ. ಆಗ ಏಳು ತಿಂಗಳ ಬಸುರಿ. ಬಸುರಿ ಇಂಥದ್ದನ್ನು ನೋಡಬಾರದು ಎಂದು ಮುದುಕಿ ತಾಕೀತು ಮಾಡಿ ಅವಳನ್ನು ಬರಗೊಟ್ಟಿರಲಿಲ್ಲ. ಅಕ್ಕನೂ ಒಪ್ಪಿದ್ದಳು. ಹೆರಿಗೆಗೆ ಹೇಗೂ ತವರಿಗೆ ಬರುತ್ತಾಳೆ, ಅಷ್ಟರಲ್ಲಿ ತಾನು ಎದ್ದಿರುತ್ತೇನೆ ಎಂದು ಲೆಕ್ಕ ಹಾಕಿದ್ದಳು. ನಾವೆಲ್ಲ ಧೈರ್ಯ ಎಂದು ಹೇಳಿಕೊಟ್ಟ ಸುಳ್ಳು ತಾಯಿಯಿಂದ ಮಗಳನ್ನು ಎರಡು ತಿಂಗಳು ದೂರ ಇಟ್ಟಿತ್ತು.

ಮರುದಿನ ಭಾವ ಕಿಟಕಿಯಾಚೆ ಅಂಗಳದಲ್ಲೇ ನಿಂತು ನನ್ನ ಮೇಲೆ ರೇಗಿದರು. "ಯಾಕ ಹೇಳಿದಿ? ಅಕಿನ್ನ ಅರ್ಧ ಕೊಂದಿ ನೀ." ಅಕ್ಕ ಮಂಚದಿಂದ ಕೈ ಎತ್ತಿ ಅವರನ್ನು ಸುಮ್ಮನಿರಿಸಿ, ಮಗಳ ನಂಬರಿಗೆ ಫೋನು ಹಚ್ಚು ಎಂದು ನನಗೆ ಸನ್ನೆ ಮಾಡಿದಳು.

ಮಗಳು ಸೋಮವಾರವೇ ಬಂದಳು. ನಾನು ಶಾಲೆಗೆ ಎರಡು ವಾರ ರಜೆ ಹಾಕಿದ್ದೆ. ಮುದುಕಿ ಬಾಗಿಲಿಗೆ ಅಡ್ಡ ಕೂತು, "ಕೂಸಿಗೆ ಕುಂದ ಆದ್ರ ಯಾರು ಹೊಣಿ?" ಎಂದಳು. ಹುಡುಗಿ ಹೊಟ್ಟೆಯನ್ನು ಒಂದು ಕೈಯಿಂದ ಹಿಡಿದುಕೊಂಡು ಅಜ್ಜಿಯನ್ನು ದಾಟಿ ಒಳಗೆ ಹೋದಳು. ಅಕ್ಕ ಸೆರಗಿನಿಂದ ಮುಖದ ಅರ್ಧ ಮುಚ್ಚಿಕೊಂಡಿದ್ದಳು. ಮಗಳು ಅದನ್ನು ಸರಿಸಿದಳು. ಸರಿಸಿ, ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡಳು. ಬಾಯಿ ಮುಕ್ಕಳಿಸಿ ಹಿಂದಿರುಗಿ ಬಂದು ಮಂಚದ ಮೇಲೆಯೇ ಕೂತಳು. "ವಾಸನಿ ಬರತೈತಬೇ ಅವ್ವಾ" ಎಂದಳು. ಅಕ್ಕ "ಹೂಂ, ನನಗೂ" ಎಂದಳು. ಇಬ್ಬರೂ ನಕ್ಕರು. ಅಕ್ಕನ ಆ ಮುಖದಲ್ಲಿ ನಗು ಹೇಗಿರುತ್ತದೆ ಎಂದು ವರ್ಣಿಸಲಾರೆ. ನೋಡಲು ಘೋರವಾಗಿತ್ತು, ಆದರೆ ಅದು ನಗುವೇ. ಮಗಳು ಒಂಬತ್ತು ದಿನವೂ ತಾಯಿಯ ಬಳಿಯೇ ಇದ್ದಳು. ಹಿಟ್ಟಿನ ಗಂಜಿ ಸೋಸಿ ನಳಿಗೆಗೆ ಹಾಕುವುದನ್ನು ನರ್ಸಮ್ಮನಿಂದ ಕಲಿತಳು.

ಹತ್ತನೆಯ ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅಕ್ಕ ಹೋದಳು. ಕೆನ್ನೆಯಿಂದ ರಕ್ತ ಕಟ್ಟೊಡೆದ ಹಾಗೆ ಬಂತು, ಹತ್ತು ನಿಮಿಷ, ಅಷ್ಟೇ. ಶಾಂತವಾಗಿ ಕಣ್ಣು ಮುಚ್ಚಿದಳು ಎಂದು ಆಮೇಲೆ ಊರೆಲ್ಲ ಹೇಳಿಕೊಂಡಿತು. ನಾನು ಅಲ್ಲಿದ್ದೆ. ಶಾಂತವಾಗಿ ಅಲ್ಲ. ಹೆದರಿ ಸತ್ತಳು, ಮಗಳ ಕೈಯನ್ನು ಉಗುರು ಇಳಿಯುವ ಹಾಗೆ ಹಿಡಿದು.

ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಅದಕ್ಕೂ ಮೊದಲು ಮೈ ತೊಳೆದು ವಿಭೂತಿ ಹಚ್ಚಬೇಕು. ಪಡಸಾಲೆಯಲ್ಲಿ ಮೂವತ್ತು ಹೆಂಗಸರಿದ್ದರು. ಎರಡು ತಿಂಗಳು ಬಾಗಿಲು ದಾಟದವರೇ ಎದೆ ಬಡಿದುಕೊಂಡು ಹಾಡಿ ಹಾಡಿ ಅಳುತ್ತಿದ್ದರು. ಮುದುಕಿಯ ದನಿ ಎಲ್ಲರಿಗಿಂತ ಮೇಲೆ: "ನನ್ನ ಮನಿ ದೀಪ ಆರಿತಽ, ನನ್ನ ಬಂಗಾರದ ಗೊಂಬಿ ಹೋತಽ." ಅಳುವಿನ ನಡುವೆ ಎಲೆ ಮಡಿಚುವುದು ನಿಲ್ಲಲಿಲ್ಲ. ಮೈ ತೊಳೆಯುವ ಮಾತು ಬಂದಾಗ ಅಳು ತಟ್ಟನೆ ಇಳಿಯಿತು. ಒಬ್ಬಳು, "ಪಟ್ಟಿ ಬಿಚ್ಚೂದು ಬ್ಯಾಡ, ಮ್ಯಾಲೆ ಎರಡ ತಂಬಿಗಿ ನೀರ ಹಾಕಿದ್ರ ಸಾಕು" ಎಂದಳು. ಎಲ್ಲರೂ ಹೌದೆಂದರು.

ರಕ್ತದಲ್ಲಿ ನೆಂದ ಪಟ್ಟಿಯ ಜೊತೆ ಅವಳನ್ನು ಮಣ್ಣಿಗೆ ಇಳಿಸಲು ನನಗೆ ಆಗಲಿಲ್ಲ. ನರ್ಸಮ್ಮನಿಗೆ ಫೋನು ಮಾಡಿದೆ. ಡ್ಯೂಟಿಯಲ್ಲಿದ್ದವರು ರಜೆ ಕೇಳಿಕೊಂಡು ಒಂದು ಗಂಟೆಯಲ್ಲಿ ಬಂದರು. ಅವರನ್ನು ನೋಡಿದ್ದೇ ಮುದುಕಿಯ ಹಾಡು ನಿಂತಿತು.

"ಅಯ್ಯನೋರು ಬರೂ ಹೊತ್ತು. ಹೆಣ ನಮ್ಮ ಮಂದಿನ ಮುಟ್ಟಬೇಕು."

"ಹಂಗಾರ ನೀವ ಬರ್ರಿ ಅತ್ತೀ" ಎಂದೆ. ನನ್ನ ದನಿ ನನಗೇ ಅಪರಿಚಿತವಾಗಿತ್ತು. "ಪಟ್ಟಿ ನೀವ ಬಿಚ್ರಿ. ಇಲ್ಲೆ ಮೂವತ್ತ ಮಂದಿ ನಮ್ಮ ಮಂದಿ ಅದೀರಿ. ಯಾರ ಬರ್ತೀರಿ, ಏಳ್ರಿ."

ಒಬ್ಬರೂ ಏಳಲಿಲ್ಲ. ಸೆರಗುಗಳು ಮೂಗಿಗೆ ಹೋದವು.

ಬಚ್ಚಲಲ್ಲಿ ನಾವು ಮೂವರು: ನರ್ಸಮ್ಮ, ಅಕ್ಕನ ಮಗಳು, ನಾನು. ಪಟ್ಟಿ ಬಿಚ್ಚಿ, ಗಾಯ ತೊಳೆದು, ಒಣಗಿಸಿ, ಹೊಸ ಬಿಳಿ ಬಟ್ಟೆ ತುಂಬಿ ಕಟ್ಟಿದೆವು. ಅಂದು ನಾನು ಗ್ಲೌಸು ಹಾಕಿಕೊಳ್ಳಲಿಲ್ಲ. ಅದು ಧೈರ್ಯವೂ ಅಲ್ಲ, ಪ್ರಾಯಶ್ಚಿತ್ತವೂ ಅಲ್ಲ. ಒಂದೇ ಜೊತೆ ಇತ್ತು, ಬಸುರಿಗೆ ಕೊಟ್ಟೆವು. ವಾಕರಿಕೆ ಬರುತ್ತಲೇ ಇತ್ತು. ಬರುತ್ತಿದ್ದರೂ ಕೈ ಕೆಲಸ ಮಾಡುತ್ತದೆ ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ನರ್ಸಮ್ಮನನ್ನು ಕೇಳಿದೆ, "ನಿಮಗ ಹೇಸಿಕಿ ಬರೂದಿಲ್ಲೇನ್ರಿ ಸಿಸ್ಟರ್?"

"ಬರತೈತ್ರಿ, ಬರದ ಏನು. ಮನಿಗೆ ಹೋಗಿ ತಲಿ ಮ್ಯಾಲೆ ನೀರ ಸುರಕೊಳ್ಳೂತನ ಊಟ ಹೋಗೂದಿಲ್ಲ. ಆದ್ರ ಹುಣ್ಣು ಬ್ಯಾರೆ, ಮನಷಾಳು ಬ್ಯಾರೆ ಅಲ್ರಿ?" ಎಂದರು. ಪಟ್ಟಿಯ ಗಂಟು ಬಿಗಿದು, "ಹುಣ್ಣಿನ ಹೇಸಿಕಿ ತೊಳದ್ರ ಹೋಗತೈತಿ" ಎಂದು ಪಡಸಾಲೆಯ ಕಡೆ ಒಮ್ಮೆ ನೋಡಿದರು. ಕೆಲಸ ಮುಗಿಸಿ, ಅಕ್ಕನ ಪಾದ ಮುಟ್ಟಿ, ಯಾರೊಡನೆಯೂ ಮಾತಾಡದೆ ಸ್ಕೂಟಿ ಹತ್ತಿ ಹೋದರು. ನಾನು ಅವರನ್ನು ಅಂಗಳದವರೆಗೂ ಕಳಿಸಿಕೊಡಲಿಲ್ಲ.

ಮಣ್ಣು ಮುಗಿಯುವುದರೊಳಗೆ ನೆಂಟರ ಫೋನುಗಳಲ್ಲೆಲ್ಲ ಅಕ್ಕನ ಚಿತ್ರ, ಅಳುವ ಗೊಂಬೆಗಳು. ಮೂರನೆಯ ದಿನ ಓಣಿಯ ಬಾಯಿಗೆ ಫ್ಲೆಕ್ಸು ಬಂತು. ಸಿಂಧನೂರಿನ ಸ್ಟುಡಿಯೋದವನು ಅವಳನ್ನು ಬೆಳ್ಳಗೆ ಮಾಡಿ, ಎಂದೂ ಉಡದ ಜರಿ ಸೀರೆ ಉಡಿಸಿ, ತುಟಿಗೆ ಬಣ್ಣ ಹಚ್ಚಿದ್ದ. ಊಟಕ್ಕೆ ಕೂತವರು ಬದನೆಕಾಯಿ ಪಲ್ಯಕ್ಕೆ ಉಪ್ಪು ಸಾಲದು ಎಂದು ಕೂಗಿ ಹೇಳುತ್ತಿದ್ದರು. ನಾನು ಎಲೆ ಬಿಟ್ಟು ಎದ್ದೆ. ಮಸ್ಕಿಗೆ ಬಂದ ಮೇಲೂ ಎಷ್ಟೋ ವಾರ ಅನ್ನ ನೋಡಿದರೆ ಆ ಬಿಳಿ ಹುಳಗಳೇ ಕಾಣುತ್ತಿದ್ದವು. ರೊಟ್ಟಿ ತಿಂದು ಬದುಕಿದೆ. ಅಳು ಮಾತ್ರ ಬರಲಿಲ್ಲ. ಸಹೋದ್ಯೋಗಿಗಳು ಬಂದು "ಆಕೆಗೆ ಬಿಡುಗಡೆ ಆಯ್ತು ಬಿಡಿ" ಎಂದಾಗ ಅವರ ಬಾಯನ್ನೇ ನೋಡುತ್ತ ನಿಲ್ಲುತ್ತಿದ್ದೆ.

ಒಂದೂವರೆ ತಿಂಗಳ ಮೇಲೆ ಭಾವ ಮಸ್ಕಿಗೆ ಬಂದರು. ಬೀಜ ಗೊಬ್ಬರದ ಕೆಲಸವಿತ್ತಂತೆ. ಅವರ ಮೇಲೆ ನನಗೆ ಸಿಟ್ಟು ಆರಿರಲಿಲ್ಲ. ಕೊನೆಯ ತಿಂಗಳು ಅವರು ಗದ್ದೆಯ ಪಂಪಿನ ಮನೆಯಲ್ಲಿ ಮಲಗುತ್ತಿದ್ದರು. ಚಹಾ ಕೊಟ್ಟೆ. ಲೋಟ ಹಿಡಿದುಕೊಂಡು ನೆಲ ನೋಡುತ್ತ ಕೂತರು.

"ಇಪ್ಪತ್ತ ದಿನ ಅಕಿ ಖೋಲಿಗೆ ನಾ ಹೋಗಲಿಲ್ಲ" ಎಂದರು. "ಎಲ್ಲಾರಿಗೂ ಗದ್ದಿ ಕೆಲಸ ಅಂತ ಹೇಳೀನಿ. ಕೆಲಸ ಏನಿರಲಿಲ್ಲ. ನನಗ ಹೇಸಿಕಿ ಬಂತು. ಇಪ್ಪತ್ತೈದು ವರ್ಷ ಸಂಸಾರ ಮಾಡಿದಾಕಿ. ಇದನ್ನ ಯಾರ ಮುಂದ ಹೇಳ್ಲಿ?"

ಉಗಿಯಬೇಕು ಎನ್ನಿಸಿತು. ಆದರೆ ಬಚ್ಚಲ ಬಾಗಿಲಿನಿಂದ ನನ್ನನ್ನು ನೋಡಿದ ಕಣ್ಣುಗಳು ನೆನಪಾದವು. "ನನಗೂ ಬಂದಿತ್ತು ಮಾಮಾ" ಎಂದೆ. ಅವರು ತಲೆಯೆತ್ತಿ ನೋಡಿದರು. ಅವರ ಮೇಲೆ ಪ್ರೀತಿಯೇನೂ ಹುಟ್ಟಲಿಲ್ಲ, ಆದರೆ ಹೋಗುವಾಗ ಬಸ್ ನಿಲ್ದಾಣದವರೆಗೆ ಜೊತೆಗೆ ನಡೆದೆ.

ಆಮೇಲೆ ಸ್ವಲ್ಪ ದಿನಕ್ಕೆ ಅಕ್ಕನ ಮಗಳಿಗೆ ಲಿಂಗಸುಗೂರಿನಲ್ಲೇ ಹೆರಿಗೆಯಾಯಿತು. ಹೆಣ್ಣು ಕೂಸು, ಯಾವ ಕುಂದೂ ಇಲ್ಲ. ನಾನು ಹೋದಾಗ ತುರ್ವಿಹಾಳದ ಮುದುಕಿ ಆಗಲೇ ಬಂದು ಕೂತಿದ್ದಳು. ಸುತ್ತ ಹೆಂಗಸರು. ಮುದುಕಿ ಕೂಸಿನ ಗಲ್ಲ ಹಿಡಿದು ಎಲ್ಲರಿಗೂ ತೋರಿಸುತ್ತಿದ್ದಳು: "ನೋಡ್ರಿ, ನನ್ನ ಸೊಸಿನ ಹುಟ್ಟಿ ಬಂದಾಳ. ಎಲ್ಲಿ ಹೋಗ್ಯಾಳ ಅಕಿ? ಎಲ್ಲೂ ಹೋಗಿಲ್ಲ. ಇಲ್ಲೇ ಅದಾಳ." ಹೆಂಗಸರು ಹೌದು ಹೌದು ಎಂದು ಕಣ್ಣೊರೆಸಿಕೊಂಡರು.

ಬಾಣಂತಿ ಎದ್ದು ಕೂತು ಕೂಸನ್ನು ತನ್ನ ತೊಡೆಗೆ ತೆಗೆದುಕೊಂಡಳು. ದನಿ ಏರಿಸಲಿಲ್ಲ.

"ಇದು ಅವ್ವ ಅಲ್ಲ ಅಜ್ಜಿ. ಅವ್ವ ಸತ್ತಾಳ. ನಾ ನೋಡೀನಿ. ಇದು ನನ್ನ ಮಗಳು."

ಮುದುಕಿ ಎಲೆ ತಂಬಾಕಿನ ಚೀಲ ಹುಡುಕುತ್ತ ಹೊರಗೆ ಹೋದಳು. ಅವ್ವ ಸತ್ತಾಳ ಎಂಬ ಆ ಎರಡು ಮಾತನ್ನು ಅಷ್ಟು ನೇರವಾಗಿ ಯಾರೂ ನನ್ನೆದುರು ಹೇಳಿರಲಿಲ್ಲ. ನಾನು ಅಲ್ಲೇ ಗೋಡೆಗೆ ಆತು ಕುಸಿದು ಕೂತೆ. ಅಳು ಬಂತು, ಮೂಗು ಬಾಯಿ ಎಲ್ಲ ಸೋರಿಸಿಕೊಂಡು, ಅಸಹ್ಯವಾಗಿ. ಹುಡುಗಿ ಸಮಾಧಾನ ಹೇಳಲಿಲ್ಲ. ಸ್ವಲ್ಪ ಸರಿದು ಮಂಚದ ಮೇಲೆ ಜಾಗ ಮಾಡಿ, "ಬಾ ಚಿಗವ್ವ, ಇಲ್ಲಿ ಕುಂತು ಅಳು" ಎಂದಳು.